ಇದ್ದಿಲು ತಿನ್ನುವ ಬಸ್ಸು

ಅದುವರೆಗೆ ನಮ್ಮ ಬಸ್ಸು ಕುಡಿಯುತ್ತಿತ್ತು. ಆ ವರ್ಷದಿಂದ ತಿನ್ನಲು ಶುರುಮಾಡಿತು. ಕುಡಿಯುವವರನ್ನು ಹೇಗೋ ಸಂಭಾಳಿಸಬಹುದು ಮಾರಾಯರೇ, ತಿನ್ನುವವರ ಹೊಟ್ಟೆ ನೋಡಿಕೊಳ್ಳುವುದಿದೆಯಲ್ಲ, ಅದು ಬೇರೆಯೇ ಪಾಡು.

ಬರ್ಮಾ ಜಪಾನಿನವರ ಪಾಲಾದ ಮರುವರ್ಷದ ಮಾತು. ಅಲ್ಲಿಂದ ಬರುತ್ತಿದ್ದ ಎಣ್ಣೆ ನಿಂತಿತ್ತು. ನಮ್ಮದೇ ದೇಶದ ಎಣ್ಣೆಬಾವಿಗಳು ಅಸ್ಸಾಮಿನಲ್ಲಿವೆ ಎಂದು ಪೇಪರಿನಲ್ಲಿ ಓದಿದ್ದೆ. ಅಲ್ಲಿ ತೆಗೆದದ್ದೆಲ್ಲ ಲಷ್ಕರಕ್ಕೆ, ನಮ್ಮಂಥವರಿಗೆ ಪೆಟ್ರೋಲ್ ಕೂಪನ್ನು. ಆ ಕೂಪನ್ನೂ ತಿಂಗಳು ತಿಂಗಳಿಗೆ ಇಳಿಯುತ್ತ ಬಂದು, ಮೂಡಲಗಿಯಿಂದ ಗೋಕಾಕದ ಮೇಲೆ ಹುಕ್ಕೇರಿಗೆ ಹೋಗುತ್ತಿದ್ದ ನಮ್ಮ ಬಸ್ಸು ವಾರದ ಅರ್ಧ ದಿನಗಳು ಗೋಕಾಕದಲ್ಲಿ ಒಡತಿಯ ಮನೆಯಂಗಳದಲ್ಲೇ ಬಿದ್ದಿರುತ್ತಿತ್ತು. ನಾನು ಆ ಬಸ್ಸಿನ ಮಿಸ್ತ್ರಿ. ಕೆಲಸವಿಲ್ಲದೆ ಕೂತರೆ ನನಗೆ ಮೈಗೆಲ್ಲ ಇರುವೆ ಹತ್ತಿದಂತಾಗುತ್ತದೆ. ಬೋಲ್ಟು ಬಿಚ್ಚುವುದು, ಹಾಕುವುದು, ಸುಮ್ಮನೆ ಮತ್ತೆ ಬಿಚ್ಚುವುದು, ಹೀಗೆ ದಿನ ಕಳೆಯುತ್ತಿದ್ದೆ.

ಬಸ್ಸಿನ ಒಡತಿಯನ್ನು ನಾವೆಲ್ಲ ಅಕ್ಕಾರು ಎನ್ನುತ್ತಿದ್ದೆವು. ಅವರ ಯಜಮಾನರು ತೀರಿಕೊಂಡು ವರ್ಷ ಕಳೆದಿತ್ತು. ಪರ್ಮಿಟ್ಟು ಮಾತ್ರ ಇನ್ನೂ ಆ ತೀರಿಕೊಂಡವರ ಹೆಸರಿನಲ್ಲೇ ಇತ್ತು. ಅದನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಅಕ್ಕಾರು ಬೆಳಗಾವಿಗೆ ಅರ್ಜಿ ಹಾಕಿ ಹಾಕಿ ಬೇಸತ್ತಿದ್ದರು. ಕಚೇರಿಯಲ್ಲಿ ಪ್ರತಿಸಲ ಒಂದೇ ಪ್ರಶ್ನೆಯಂತೆ: "ಮನಿಯೊಳಗ ಗಂಡಸರು ಯಾರೂ ಇಲ್ಲೇನ್ರಿ?" ಅದೇ ದಾರಿಗೆ ಬೆಳಗಾವಿ ಕಡೆಯ ದೊಡ್ಡ ಬಸ್ ಕಂಪನಿಯೊಂದೂ ಅರ್ಜಿ ಹಾಕಿ ಕೂತಿತ್ತು. ಅಷ್ಟರಲ್ಲಿ ಸರ್ಕಾರದ ಹೊಸ ಹುಕುಂ ಬಂತು. ಪೆಟ್ರೋಲ್ ಉಳಿಸಬೇಕು, ಬಸ್ಸಿನವರು ಇದ್ದಿಲಿನ ಗ್ಯಾಸ್ ಯಂತ್ರ ಕೂಡಿಸಬೇಕು, ಕೂಡಿಸಿ, ಇನ್ಸ್‌ಪೆಕ್ಟರರ ಎದುರು ಓಡಿಸಿ ತೋರಿಸಿದವರಿಗೇ ಪರ್ಮಿಟ್ಟು.

ಅಕ್ಕಾರು ನನ್ನನ್ನು ಪಡಸಾಲೆಗೆ ಕರೆಸಿದರು.

"ಮಿಸ್ತ್ರಿ, ಇದ್ದಲೀಲೆ ಬಸ್ ಓಡತೈತೇನು?"

"ಓಡಂಗಿಲ್ರಿ ಅಕ್ಕಾರ, ನಡೀತೈತಿ."

"ನಡದ್ರೂ ನಡೀಲಿ, ನಿಲ್ಲಬಾರದು ನೋಡು. ಈ ಪರ್ಮಿಟ್ ಹೋತಂದ್ರ ಬಸ್ ಮಾರಿ, ನಾ ಮೈದುನರ ಮನಿ ಹಿತ್ತಲದಾಗ ಸಗಣಿ ಬಳಕೋತ ಕುಂಡ್ರಬೇಕು. ಅವರು ಈಗಾಗಲೇ ಜಾಗಾ ತೋರಿಸ್ಯಾರ."

ಇಷ್ಟು ಹೇಳಿ ಅವರು ಎಲೆಯಡಿಕೆಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಮಾತು ಮುಗಿಯಿತೆಂದು ಅದರ ಅರ್ಥ.

ಯಂತ್ರವೆಂದರೆ ದೊಡ್ಡ ವಿದ್ಯೆಯೇನೂ ಅಲ್ಲ. ಬಸ್ಸಿನ ಹಿಂಭಾಗಕ್ಕೆ ಆಳೆತ್ತರದ ಒಂದು ಕಬ್ಬಿಣದ ಡ್ರಮ್ಮು. ಮೇಲಿನ ಮುಚ್ಚಳ ತೆಗೆದು ಇದ್ದಿಲು ಸುರಿಯುವುದು, ಕೆಳಗೆ ಬೆಂಕಿ. ಗಾಳಿ ಒಂದು ತೂತಿನಿಂದ ಒಳಗೆ ಹೊಕ್ಕು, ಕೆಂಡದ ನಡುವೆ ಹಾದು, ಉರಿಯುವ ಗ್ಯಾಸಾಗಿ ಹೊರಗೆ ಬರುತ್ತದೆ. ಅದನ್ನು ಬಸ್ಸಿನ ಅಡಿಯ ಕೊಳವೆಗಳಲ್ಲಿ ತಣಿಸಿ, ಬಟ್ಟೆ ತುಂಬಿದ ಪೆಟ್ಟಿಗೆಯಲ್ಲಿ ಸೋಸಿ, ಮುಂದಿನ ಇಂಜಿನ್ನಿಗೆ ಕೊಡಬೇಕು. ಬೆಂಕಿ ಎಬ್ಬಿಸಲು ಕೈಯಿಂದ ತಿರುಗಿಸುವ ಪಂಕಾ. ಸೋಸುವ ಪೆಟ್ಟಿಗೆಯ ಬಾಜೂ ಒಂದು ಸಣ್ಣ ನಳವಿತ್ತು. ಅದರ ಬಾಯಿಗೆ ಕಡ್ಡಿ ಗೀರಿ ಹಿಡಿದಾಗ ನೀಲಿ ಉರಿ ನಿಂತರೆ ಗ್ಯಾಸು ತಯಾರು ಎಂದರ್ಥ. ಹಳದಿ ಉರಿ ಬಂದು ಭುಸ್ಸೆಂದು ಆರಿದರೆ ಮತ್ತೆ ಪಂಕಾ ತಿರುಗಿಸಬೇಕು. ಹುಕುಂ ಬರೆದವರಿಗೆ ಇದು ಕಾಗದದ ಮೇಲೆ ಎಷ್ಟು ಸಲೀಸು ಕಂಡಿರಬೇಕು! ಅವರನ್ನು ಕರೆತಂದು ಒಂದು ಮುಂಜಾನೆ ಆ ಪಂಕಾದ ಹಿಡಿಕೆ ಕೈಗೆ ಕೊಡಬೇಕಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಮೊದಲ ಪೆಟ್ಟು ಇದ್ದಿಲಿನದೇ. ಅಂಕಲಗಿ ಕಡೆಯಿಂದ ತರಿಸಿದ ಮೊದಲ ಗಾಡಿ ಅಡ್ಡಮಳೆಗೆ ಸಿಕ್ಕು ತೊಯ್ದುಹೋಗಿತ್ತು. ಹಸಿ ಇದ್ದಿಲು ಹಾಕಿದರೆ ಹೊಗೆಯೇ ಹೊರತು ಗ್ಯಾಸಿಲ್ಲ. ಒಣಗಿಸಿ ಹಾಕಿದರೆ ಅರ್ಧಕ್ಕರ್ಧ ಪುಡಿ, ಗಾಳಿ ಆಡುವುದಿಲ್ಲ. ದಪ್ಪ ತುಂಡುಗಳು ಡ್ರಮ್ಮಿನ ನಡುವೆ ಸಿಕ್ಕಿಕೊಂಡು ಕೆಳಗೆ ಪೊಳ್ಳಾಗಿ, ದಾರಿಯ ಮಧ್ಯೆ ಇಂಜಿನ್ನು ಉಸಿರು ನಿಲ್ಲಿಸುತ್ತಿತ್ತು. ಕೊನೆಗೆ ಮೂಡಲಗಿ ಕಡೆಯ ಜಾಲಿ ಇದ್ದಿಲನ್ನೇ ಹಿಡಿದೆ. ಒಂದೊಂದನ್ನೂ ನೆಲ್ಲಿಕಾಯಿಯಷ್ಟು ಒಡೆದು, ಜರಡಿ ಹಿಡಿದು, ಗೋಣಿಚೀಲದಲ್ಲಿ ಕಟ್ಟಿ ಪಡಸಾಲೆಯ ಮೂಲೆಗೆ ಒಟ್ಟಿದೆ. ಅಕ್ಕಾರ ಪಡಸಾಲೆಯೂ ಕಪ್ಪು, ನಾನೂ ಕಪ್ಪು. ಮನೆಗೆ ಹೋದರೆ ಹೆಂಡತಿ ಒಲೆಯ ಮುಂದಿನಿಂದಲೇ, "ಮೊದಲ ಬಚ್ಚಲಕ್ಕ ಹೋಗ್ರಿ, ಆಮ್ಯಾಲೆ ಮಾತು" ಎನ್ನುತ್ತಿದ್ದಳು.

ಎರಡನೆಯ ಪೆಟ್ಟು ಘಟ್ಟದ್ದು. ಗೋಕಾಕದಿಂದ ಹೊರಟು ಜಲಪಾತದ ಬಾಜೂ ಏರು ಹತ್ತಿದರೆ ಮೇಲೆ ನೂಲಿನ ಗಿರಣಿ, ಅದರಾಚೆ ಕೊಣ್ಣೂರ, ಧುಪದಾಳ, ಮುಂದೆ ಹುಕ್ಕೇರಿ. ಸಪಾಟ ದಾರಿಯಲ್ಲಿ ಬಸ್ಸು ಹೇಗೋ ತೆವಳುತ್ತಿತ್ತು. ಇದ್ದಿಲಿನ ಗ್ಯಾಸಿಗೆ ಪೆಟ್ರೋಲಿನ ಅರ್ಧ ತಾಕತ್ತು. ಏರು ಬಂತೆಂದರೆ ಮಂದಿ ಇಳಿಯಬೇಕು, ನೂಕಬೇಕು.

"ಟಿಕೀಟೂ ನಾವ ತಗೋಬೇಕು, ಬಸ್ಸೂ ನಾವ ನೂಕಬೇಕು, ಚೊಲೋ ಆತು ಸರಕಾರ!" ಎಂದು ಗಿರಣಿಯ ಕೆಲಸಗಾರರು ನಗುತ್ತಿದ್ದರು. ಅವರು ನಕ್ಕಷ್ಟೂ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಬಸ್ಸು ಓಡಿಸುತ್ತಿದ್ದವರು ಡ್ರೈವರ್ ಕಾಕಾ. ವಯಸ್ಸಿನಲ್ಲಿ ನನ್ನ ತಂದೆಯ ಸರೀಕರು. ಮೋಟಾರು ಹಿಡಿಯುವ ಮೊದಲು ಎತ್ತಿನ ಗಾಡಿ ಹೊಡೆದವರು, ಮನೆಯಲ್ಲಿ ಇನ್ನೂ ಒಂದು ಜೋಡು ಎತ್ತು ಕಟ್ಟಿದವರು. ಪೆಟ್ರೋಲಿನ ಕಾಲದಲ್ಲಿ ಅವರು ಬಸ್ಸನ್ನು ಮಾತಾಡಿಸಿದ್ದನ್ನು ನಾನು ಕಾಣೆ. ಅದು ಇದ್ದಿಲು ತಿನ್ನತೊಡಗಿದ ಮೇಲೆ ಅವರ ರೀತಿಯೇ ಬದಲಾಯಿತು. ಮುಂಜಾನೆ ಬಂದವರೇ ಬಾನೆಟ್ಟಿನ ಮೇಲೆ ಕೈಯಾಡಿಸಿ, "ಮೇವು ಹಾಕೀಯೇನು ಇದಕ?" ಎಂದು ನನ್ನನ್ನು ಕೇಳುತ್ತಿದ್ದರು. ಇದ್ದಿಲಿಗೆ ಮೇವು ಎಂದೇ ಹೆಸರಾಯಿತು. ನಾನೂ ಹಾಗೇ ಅನ್ನತೊಡಗಿದೆ.

ಒಂದು ದಿನ ನಾನು ಜರಡಿ ಹಿಡಿಯುತ್ತ ಕೂತಾಗ ಕಾಕಾ ಕೇಳಿದರು: "ತಮ್ಮಾ, ಅಸ್ಸಾಮಿನ ನೆಲದಾಗ ಎಣ್ಣಿ ಐತಂತ. ನಮ್ಮ ಮೂಡಲಗಿ ಎರಿ ಹೊಲದಾಗ ಯಾಕ ಬರವಲ್ದು?"

"ಬರತೈತಲ್ರಿ ಕಾಕಾ. ಕುಸುಬಿ ಬಿತ್ರಿ, ಬೇಕಾದಷ್ಟು ಎಣ್ಣಿ ಬರತೈತಿ."

ನಾನು ಅಂದದ್ದು ಚೇಷ್ಟೆಗೆ. ಅವರು ತಲೆಯಾಡಿಸಿ, "ಖರೆ ಮಾತು. ಅದಕ್ಕಿಂತ ಚೊಲೋ ಎಣ್ಣಿ ಎಲ್ಲೈತಿ ಬಿಡು" ಎಂದರು.

ಬೆಳಗಾವಿಯಿಂದ ನೋಟೀಸು ಬಂತು. ಕಾರಹುಣ್ಣಿವೆಯ ಮರುದಿನ ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆ. ಬಸ್ಸು ತುಂಬ ಮಂದಿ ಮತ್ತು ಮಾಲು ಹೇರಿಕೊಂಡು ಗೋಕಾಕದಿಂದ ಹುಕ್ಕೇರಿಗೆ ಹೋಗಬೇಕು. ಪೆಟ್ರೋಲ್ ಟಾಕಿಗೆ ಅರಗಿನ ಮೊಹರು. ಘಟ್ಟದಲ್ಲಿ ಯಾರೂ ಇಳಿಯಕೂಡದು, ನೂಕಕೂಡದು, ದನ ಕಟ್ಟಿ ಎಳೆಸಕೂಡದು. ಇದನ್ನು ಓದಿದ ದಿನದಿಂದ ನನಗೆ ಊಟ ರುಚಿಸಲಿಲ್ಲ. ಡ್ರಮ್ಮಿನ ಒಲೆಯ ಕಿಟ್ಟ ಕೆತ್ತಿದೆ, ಕೊಳವೆಗಳನ್ನು ಬಿಚ್ಚಿ ಬಡಿದು ಬೂದಿ ಉದುರಿಸಿದೆ, ಸೋಸುವ ಪೆಟ್ಟಿಗೆಗೆ ಹೊಸ ಬಟ್ಟೆ ತುಂಬಿದೆ. ಖಾಲಿ ಬಸ್ಸನ್ನು ಘಟ್ಟಕ್ಕೆ ಒಯ್ದು ನೋಡಿದರೆ, ಯಾರೂ ನೂಕದೆಯೇ ಏರಿತು! ಆಮೇಲೆ ಜೋಳದ ಚೀಲ ಹೇರಿ ನೋಡಿದೆವು. ಏದುಸಿರು ಬಿಡುತ್ತ ಆಗಲೂ ಏರಿತು. ಹುಣ್ಣಿವೆಯ ಹಿಂದಿನ ಸಂಜೆ ಕಡ್ಡಿ ಗೀರಿದರೆ ನಳದ ಬಾಯಲ್ಲಿ ನೀಲಿ ಉರಿ ಒಂದಿಷ್ಟೂ ಅಲುಗದೆ ನಿಂತಿತು. ಅದನ್ನು ಅಕ್ಕಾರಿಗೂ ಕರೆದು ತೋರಿಸಿ, ಮರುದಿನ ಮುಂಜಾನೆ ಒಂದು ಸುತ್ತು ಹೊಡೆದು ನೋಡೋಣವೆಂದು ಕಾಕಾಗೆ ಹೇಳಿ ಮನೆಗೆ ಹೋದೆ.

ಕಾರಹುಣ್ಣಿವೆ ನಮ್ಮ ಕಡೆ ಎತ್ತುಗಳ ಹಬ್ಬ. ಹೊಳೆಗೆ ಹೊಡೆದು ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಜೋಳದ ನುಚ್ಚಿನ ಹೊನ್ನುಗ್ಗಿ ತಿನ್ನಿಸುತ್ತಾರೆ. ಮುಂಗಾರಿನ ದುಡಿಮೆಗೆ ತಾಕತ್ತು ಬರಲಿ ಎಂದು ಬಿದಿರಿನ ಗೊಟ್ಟದಲ್ಲಿ ಎಣ್ಣೆ, ಅರಿಷಿಣ ತುಂಬಿ ಬಾಯಿ ಎತ್ತಿ ಹಿಡಿದು ಕುಡಿಸುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಮುಂಜಾನೆ ಅಂಗಳಕ್ಕೆ ಕಾಲಿಟ್ಟಾಗ ಕಂಡದ್ದನ್ನು ಅರ್ಥ ಮಾಡಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಬಸ್ಸಿನ ಎರಡೂ ದೀಪಗಳ ಸುತ್ತ ಕೆಮ್ಮಣ್ಣಿನ ಬಳೆ. ಬಾನೆಟ್ಟಿಗೆ ಗೆಜ್ಜೆಸರ. ಅಂಗಳದ ತುಂಬ ಸೀದ ನುಚ್ಚಿನ ಮತ್ತು ಸುಟ್ಟ ಎಣ್ಣೆಯ ನಾತ. ಇಂಜಿನ್ನು ನಿಂತಿದೆ, ಸೋಸುವ ಪೆಟ್ಟಿಗೆಯ ಸಂದಿಯಿಂದ ಕಪ್ಪು ಅಂಟು ತೊಟ್ಟಿಕ್ಕುತ್ತಿದೆ. ಕಾಕಾ ಹೊಸ ಪಟಗಾ ಸುತ್ತಿಕೊಂಡು, ಕೈಯಲ್ಲಿ ಬಿದಿರಿನ ಗೊಟ್ಟ ಹಿಡಿದು, ಡ್ರಮ್ಮಿನ ಬಾಜೂ ಪೆಚ್ಚಾಗಿ ನಿಂತಿದ್ದರು.

"ಕಾಕಾ, ಏನ್ ಹಾಕೀರಿ ಒಳಗ?"

"ಹೊನ್ನುಗ್ಗಿ."

"ಮತ್ತ?"

"ಒಂದು ಗೊಟ್ಟ ಕುಸುಬಿ ಎಣ್ಣಿ. ಅರಿಷಿಣ ಹಾಕಿ." ಮತ್ತೆ ಅಂದರು: "ಎತ್ತಿಗೆ ಮಾಡಿ ಇದಕ ಮಾಡದಿದ್ರ ಹೆಂಗೋ ತಮ್ಮಾ? ಇದೂ ದುಡದೈತಿ. ನಾಳಿ ಘಟ್ಟ ಬ್ಯಾರೆ ಹತ್ತಬೇಕು. ಮೊದಲ ಏನ್ ಓಡೀತಂತಿ! ಹೊಳಿ ತನಕಾ ಕುದುರಿ ಓಡಿದಂಗ ಓಡೀತು. ತಿರುಗಿ ಬರೂ ಮುಂದ ಕೆಮ್ಮಾಕತ್ತು. ಇಲ್ಲಿ ಬಂದು ನಿಂತು."

ಓಡದೆ ಏನು ಮಾಡೀತು? ಎಣ್ಣೆಯ ಆವಿ ಇಂಜಿನ್ನಿಗೆ ಹೋಗಿ ಉರಿದಿತ್ತು. ಉಳಿದದ್ದು ಕೊಳವೆಯಲ್ಲಿ, ಬಟ್ಟೆಯಲ್ಲಿ, ವಾಲ್ವಿನಲ್ಲಿ ಡಾಂಬರಾಗಿ ಕೂತಿತ್ತು. ನನ್ನ ಕೈಯಲ್ಲಿದ್ದ ಬೋಲ್ಟು ಬಿಚ್ಚುವ ಪಾನಾ ಎಲ್ಲಿಗೆ ಎಸೆದೆನೋ ಗೊತ್ತಿಲ್ಲ, ಮೂಲೆಯ ಕೊಡವೊಂದು ಒಡೆದ ಸದ್ದು ಕೇಳಿಸಿತು.

"ನಿಮ್ಮ ತಲಿಯಾಗ ಹೊಟ್ಟು ತುಂಬೈತೇನ್ರಿ? ಇದು ಎತ್ತಲ್ರಿ, ಕಬ್ಬಿಣಾ! ಇದಕ ಬಾಯಿಲ್ಲ, ಹೊಟ್ಟಿಲ್ಲ! ಇನ್ನ ನೀವು ಈ ಬಸ್ ಮುಟ್ಟಬ್ಯಾಡ್ರಿ. ಚಕ್ರ ಮುಟ್ಟಬ್ಯಾಡ್ರಿ, ಬಾಗಲಾ ಮುಟ್ಟಬ್ಯಾಡ್ರಿ!"

ಕಾಕಾ ಗೊಟ್ಟವನ್ನು ನೆಲದ ಮೇಲಿಟ್ಟರು. ಪಟಗಾ ತೆಗೆದು ಅದರಿಂದಲೇ ಕಣ್ಣೊರಸಿಕೊಂಡರು. ಅದನ್ನು ನೋಡಿ ನನಗೆ ಇನ್ನೂ ಸಿಟ್ಟು ಬಂತು.

ಸದ್ದು ಕೇಳಿ ಅಕ್ಕಾರು ಹಬ್ಬದ ಸೀರೆಯಲ್ಲೇ ಹೊರಗೆ ಬಂದರು. ಬಸ್ಸನ್ನು ನೋಡಿದರು, ಒಡೆದ ಕೊಡ ನೋಡಿದರು, ಗೊಟ್ಟ ನೋಡಿದರು. ನಾನು ಎಲ್ಲ ಹೇಳಿ, "ಮುದತ ಕೇಳೋಣ್ರಿ ಅಕ್ಕಾರ. ಒಂದ ವಾರ ಕೊಟ್ರ ಸಾಕು" ಎಂದೆ.

"ಮುದತ ಕೇಳಾಕ ಹೋದ್ರ ಏನಂತಾರ ಗೊತ್ತೈತೇನು? ಹೆಣ್ಣಮಗಳ ಕೈಯಾಗ ಯಂತ್ರ ಕೊಟ್ರ ಹಿಂಗ ಆಗತೈತಿ ಅಂತಾರ. ಆ ಕಂಪನಿಯವರು ಪೇಢೆ ಹಂಚತಾರ. ನಾಳಿ ಅಂದ್ರ ನಾಳಿ." ಆಮೇಲೆ ತಿರುಗಿ, "ಕಾಕಾ, ಅಳಬ್ಯಾಡ್ರಿ. ಅತ್ರ ಡಾಂಬರ ಹೋಗಂಗಿಲ್ಲ. ಮಿಸ್ತ್ರಿ ಹೇಳಿದ್ದು ಮಾಡ್ರಿ" ಎಂದರು.

ಡಾಂಬರು ತೆಗೆಯಲು ಸೀಮೆಎಣ್ಣೆ ಬೇಕು. ಅದೂ ರೇಷನ್ನು, ಮನೆಯಲ್ಲಿದ್ದದ್ದು ದೀಪದ ಬುಡದಲ್ಲಿ ಒಂದಿಷ್ಟು, ಅಂಗಡಿಗಳೆಲ್ಲ ಹಬ್ಬಕ್ಕೆ ಬಾಗಿಲು ಹಾಕಿದ್ದವು. ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದೆ. ನಿಂತರೆ ತಲೆ ಓಡುವುದಿಲ್ಲ ನನಗೆ. ಎಣ್ಣೆಯ ಜಿಡ್ಡು ಎಂಬುದು ತಲೆಗೆ ಬಂದದ್ದೇ ತಡ, ಅಗಸರ ಸೌಳು ನೆನಪಾಯಿತು. ಹೊಳೆಯ ದಂಡೆಯಲ್ಲಿ ಅವರು ಜಿಡ್ಡು ಬಟ್ಟೆಗಳನ್ನು ಕುದಿಸುವುದು ಆ ಉಪ್ಪುಮಣ್ಣಿನಲ್ಲೇ ಅಲ್ಲವೇ? ಬಟ್ಟೆಯ ಜಿಡ್ಡು ಬಿಡಿಸುವುದು ಕಬ್ಬಿಣದ ಜಿಡ್ಡನ್ನೂ ಬಿಡಿಸಬೇಕು. ಅಕ್ಕಾರು ತಾವೇ ಅಗಸರ ಓಣಿಗೆ ಹೋಗಿ ಎರಡು ಬುಟ್ಟಿ ಹೊರಿಸಿಕೊಂಡು ಬಂದರು. ಬಚ್ಚಲಿನ ತಾಮ್ರದ ಹಂಡೆ ಅಂಗಳಕ್ಕೆ ಬಂತು. ನಾನು ಬಿಚ್ಚಿದ್ದನ್ನೆಲ್ಲ ಕಾಕಾ ಕುದಿಯುವ ಸೌಳುನೀರಿಗೆ ಅದ್ದಿ, ತೆಂಗಿನ ನಾರಿನಿಂದ ತಿಕ್ಕಿದರು. ಊರಲ್ಲಿ ಎತ್ತುಗಳನ್ನು ಓಡಿಸಿ, ಊರಬಾಗಿಲಿಗೆ ಕಟ್ಟಿದ ಕರಿಯ ತೋರಣ ಹರಿಯುವ ಗದ್ದಲ. ಹಲಗೆ, ಕೇಕೆ, ಸಿಳ್ಳು. ನಾವಿಬ್ಬರೂ ತಿಕ್ಕುತ್ತಲೇ ಇದ್ದೆವು.

ಸೋಸುವ ಬಟ್ಟೆ ಮಾತ್ರ ಕೆಟ್ಟೇ ಹೋಗಿತ್ತು. ಅಕ್ಕಾರು ಒಳಗೆ ಹೋಗಿ ಮಡಿಕೆ ಹಾಕಿದ ಧೋತರಗಳನ್ನು ತಂದು ನನ್ನ ಮುಂದಿಟ್ಟರು. ಯಜಮಾನರ ಧೋತರಗಳು. ನಾನು ಕೈ ಹಿಂದೆಗೆದೆ.

"ತಗೋ. ಪೆಟ್ಟಿಗಿಯಾಗ ಇದ್ದು ಏನ್ ಮಾಡತಾವು? ಅವರು ಇದ್ದಿದ್ರ ಉಟ್ಟದ್ದನ್ನೂ ಬಿಚ್ಚಿ ಕೊಡತಿದ್ರು."

ಹರಿದು ಪದರ ಪದರವಾಗಿ ತುಂಬಿದೆ. ಸಂಜೆಗೆ ಎಲ್ಲ ಕೂಡಿಸಿ ಬೆಂಕಿ ಎಬ್ಬಿಸಿದಾಗ ಉರಿ ನೀಲಿಯೇ ಬಂತು. ಆದರೆ ಇಂಜಿನ್ನಿನ ಒಂದು ವಾಲ್ವು ಸರಿಯಾಗಿ ಕೂರುತ್ತಿರಲಿಲ್ಲ. ನಾಲ್ಕು ಹೊಡೆತಕ್ಕೆ ಒಂದು ತಪ್ಪುತ್ತಿತ್ತು. ಅದನ್ನು ತಿಕ್ಕಿ ಕೂಡಿಸಲು ಹೊತ್ತೂ ಇರಲಿಲ್ಲ, ಸಾಮಾನೂ ಇರಲಿಲ್ಲ. ಸಪಾಟಿನಲ್ಲಿ ನಡೆಯುತ್ತದೆ, ಘಟ್ಟದಲ್ಲಿ ಸಂಶಯ. ಅದನ್ನು ಅಕ್ಕಾರಿಗೆ ಹೇಳಲು ನನ್ನ ಬಾಯಿ ಏಳಲಿಲ್ಲ.

ಇನ್ಸ್‌ಪೆಕ್ಟರ್ ಸಾಹೇಬರು ಖಾಕಿ ಕೋಟು ಹಾಕಿಕೊಂಡು, ಬಗಲಲ್ಲಿ ಕೊಡೆ ಇಟ್ಟುಕೊಂಡು, ಹೇಳಿದ ಹೊತ್ತಿಗೆ ಬಂದರು. ಸಣ್ಣ ಆಳು, ಒಣ ಮುಖ. ಪ್ರತಿಯೊಂದಕ್ಕೂ ಕೈಯಲ್ಲಿನ ನಿಯಮದ ಹಾಳೆ ತಿರುವುತ್ತಿದ್ದರು. ಟಾಕಿಗೆ ಮೊಹರು ಹಾಕಿದರು. ಬಚ್ಚಿಟ್ಟ ಪೆಟ್ರೋಲ್ ಇದೆಯೇ ಎಂದು ಸೀಟಿನ ಕೆಳಗೆ ಬಗ್ಗಿ ಮೂಸಿ ನೋಡಿದರು. ದೀಪದ ಸುತ್ತಲಿನ ಕೆಮ್ಮಣ್ಣು ತೋರಿಸಿ, "ಇದೇನು?" ಎಂದರು.

"ದೃಷ್ಟಿ ಆಗಬಾರದಂತ್ರಿ" ಎಂದರು ಅಕ್ಕಾರು.

ಬಸ್ಸಿನ ಟಪ್ಪಿನ ಮೇಲೆ ಜೋಳದ ಚೀಲ, ಒಳಗೆ ಹುಕ್ಕೇರಿಯ ಮಂದಿ. ಮುಂದಿನ ಸೀಟಿನಲ್ಲಿ ಅಕ್ಕಾರು, ಅವರ ಹಿಂದೆ ಸಾಹೇಬರು. ಚಕ್ರ ನಾನೇ ಹಿಡಿದೆ. ಕಾಕಾ ಹಿಂದಿನ ಪಾವಟಿಗೆಯಲ್ಲಿ ನಿಂತರು. ಬಸ್ಸು ನಿಂತರೆ ಗಾಲಿಗೆ ಕಲ್ಲು ಕೊಡುವ ಕೆಲಸ ಅವರದು. ಊರು ದಾಟುವ ತನಕ ಎಲ್ಲ ಸುಸೂತ್ರ. ಏರು ಶುರುವಾದಾಗ ಗೇರು ಇಳಿಸಿದೆ, ಆಮೇಲೆ ಇನ್ನೂ ಇಳಿಸಿದೆ. ತಪ್ಪುವ ಹೊಡೆತ ನನ್ನ ಅಂಗಾಲಿಗೆ ಗೊತ್ತಾಗುತ್ತಿತ್ತು. ಗ್ಯಾಸಿಗೆ ಗಾಳಿ ಬೆರೆಸುವ ಹಿಡಿಕೆ ಕಡಿಮೆ ಮಾಡಿದೆ, ಹೆಚ್ಚು ಮಾಡಿದೆ, ಬಾಯಲ್ಲಿ ಬಸವಣ್ಣನ ಹೆಸರು. ದೊಡ್ಡ ತಿರುವು ದಾಟಿ ಸ್ವಲ್ಪ ಮೇಲೆ ಹೋದದ್ದಷ್ಟೇ, ಇಂಜಿನ್ನು ಒಂದು ಸಲ ಕೊಸರಿ ನಿಂತುಬಿಟ್ಟಿತು.

ಕಾಕಾ ಜಿಗಿದು ಕಲ್ಲು ಕೊಟ್ಟರು. ಸಾಹೇಬರು ಪೆನ್ನು ತೆಗೆದರು. ಅಕ್ಕಾರು ಹಿಂದೆ ತಿರುಗಲಿಲ್ಲ. ಮಡಿಲಲ್ಲಿದ್ದ ಅವರ ಕೈ ಮುಷ್ಟಿಯಾದದ್ದು ನನಗೆ ಕಂಡಿತು. ಅಯ್ಯೋ, ಹೋಯಿತಲ್ಲ! ಇಷ್ಟೆಲ್ಲ ಮಾಡಿ ಒಂದು ಹಾಳು ವಾಲ್ವಿನ ಕೈಯಲ್ಲಿ ಹೋಯಿತಲ್ಲ!

"ಒಂದ ಮಿನಿಟ್ರಿ ಸಾಹೇಬ್ರ" ಎಂದು ಕೆಳಗಿಳಿದೆ. ಮೇಲೆ ನೋಡಿದೆ, ಕೆಳಗೆ ನೋಡಿದೆ, ಬಸ್ಸಿನ ಸುತ್ತ ಎರಡು ಸಲ ಸುತ್ತಿದೆ. ಇದ್ದಷ್ಟು ಗ್ಯಾಸಿಗೆ ಮೊದಲ ಗೇರಿನ ಎಳೆತ ಸಾಲದು. ಅದಕ್ಕಿಂತ ಕೆಳಗಿನ ಗೇರು ಈ ಬಸ್ಸಿನಲ್ಲಿ ಇಲ್ಲ. ಇಲ್ಲವೇ? ಇದೆ! ಹಿಂದಕ್ಕೆ ಹೋಗುವ ಗೇರು. ಅದರ ಹಲ್ಲಿನ ಲೆಕ್ಕದಲ್ಲಿ ಗಾಲಿ ಇನ್ನೂ ನಿಧಾನ, ಎಳೆತ ಇನ್ನೂ ಜಾಸ್ತಿ. ಬಸ್ಸನ್ನು ತಿರುಗಿಸಿ, ಬೆನ್ನು ಘಟ್ಟದ ಕಡೆ ಮಾಡಿ ಹತ್ತಿಸಿದರೆ?

ಕಿಟಕಿಯ ಬಳಿ ಹೋದೆ. "ಸಾಹೇಬ್ರ, ಬಸ್ ಘಟ್ಟ ಹತ್ತಬೇಕು ಅಂತ ಬರದೈತೋ, ಘಟ್ಟದ ಕಡೆ ಮಾರಿ ಮಾಡಿ ಹತ್ತಬೇಕು ಅಂತ ಬರದೈತೋ?"

ಅವರು ನನ್ನ ಮುಖ ನೋಡಿದರು. ಆಮೇಲೆ ನಿಜವಾಗಿ ಹಾಳೆ ತಿರುವಿ ಓದಿದರು. "ಮಾರೀದು ಏನೂ ಬರದಿಲ್ಲ" ಎಂದರು.

"ಹಂಗಾರ ಪೆನ್ನ ಕಿಸೇದಾಗ ಇಡ್ರಿ."

ಈಗ ಇನ್ನೊಂದು ತೊಡಕು. ಬಸ್ಸು ನಿಂತದ್ದರಿಂದ ಕೆಂಡ ಇಳಿದಿತ್ತು. ಹಿಂದಿನ ಒಲೆಯ ಹತ್ತಿರ ನಿಂತು ಬೂದಿ ಕೆದಕುತ್ತ, ಪಂಕಾ ತಿರುಗಿಸುತ್ತ ಗ್ಯಾಸಿನ ಹದ ನೋಡುವವನು ಒಬ್ಬ ಬೇಕು. ಆ ಬೆಂಕಿಯ ಗುಣ ಗೊತ್ತಿದ್ದವನು ನಾನೊಬ್ಬನೇ. ಹಾಗಾದರೆ ಚಕ್ರ ಹಿಡಿಯುವವರು ಯಾರು? ಕಾಕಾ ಗಾಲಿಯ ಕಲ್ಲಿನ ಬಳಿ ಕುಕ್ಕರಗಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು.

"ಕಾಕಾ, ಹತ್ರಿ ಮ್ಯಾಲೆ."

"ನಾನ? ನಿನ್ನಿ ಮುಟ್ಟಬ್ಯಾಡ ಅಂದಿದ್ದೆಲ್ಲೋ."

"ನಿನ್ನಿ ಅಂದಿದ್ದೆ. ಇವತ್ತ ಹತ್ರಿ ಅನ್ನಾಕತ್ತೇನಿ. ಲಗೂನ ಏಳ್ರಿ, ಬೆಂಕಿ ಆರತೈತಿ!"

ಅವರು ಎದ್ದು ಕೈಯನ್ನು ಧೋತರಕ್ಕೆ ಒರೆಸಿಕೊಂಡು ಹತ್ತಿದರು. ಬ್ರೇಕಿನ ಮೇಲೆ ಕೆಳಗಿನ ತಿರುವಿನವರೆಗೆ ಬಸ್ಸನ್ನು ಹಿಂದಕ್ಕೆ ಇಳಿಯಬಿಟ್ಟೆವು. ಅಲ್ಲಿ ಗಾಡಿಗಳು ದಾರಿ ಬಿಡುವಷ್ಟು ಅಗಲ ಜಾಗವಿತ್ತು. ನಾನು ಪಂಕಾ ತಿರುಗಿಸಿ ಉರಿ ಎಬ್ಬಿಸಿದೆ, ಇಂಜಿನ್ನು ಮತ್ತೆ ಹಿಡಿಯಿತು. ಮುಂದೆ ಹಿಂದೆ, ಮುಂದೆ ಹಿಂದೆ ಎಂದು ಬಸ್ಸು ತಿರುಗಿ ನಿಂತಾಗ ಒಳಗಿದ್ದ ಮುದುಕಿಯೊಬ್ಬಳು, "ಯವ್ವಾ, ಇದು ಹುಕ್ಕೇರಿಗೆ ಹೊಂಟೈತೋ ತಿರುಗಿ ಗೋಕಾಕಕ್ಕ ಹೊಂಟೈತೋ?" ಎಂದು ಗಾಬರಿಯಾಗಿ ಕೇಳಿದಳು.

ಹಿಂದಿನ ಗೇರು ಬಿತ್ತು. ಬಸ್ಸು ಬೆನ್ನು ಮುಂದಾಗಿ ಏರತೊಡಗಿತು. ನಾನು ಪಾವಟಿಗೆಯ ಮೇಲೆ ನಿಂತು ಒಂದು ಕೈಯಲ್ಲಿ ಕೆದಕುತ್ತ, ಒಂದು ಕೈಯಲ್ಲಿ ಪಂಕಾ ತಿರುಗಿಸುತ್ತ, "ಎಡಕ್ಕ! ಇನ್ನ ಎಡಕ್ಕ! ಸಾಕು, ಬಲಕ್ಕ!" ಎಂದು ಒದರುತ್ತಿದ್ದೆ. ಹೊಗೆ ಗಂಟಲಿಗೆ, ಬೂದಿ ಕಣ್ಣಿಗೆ. ಹೊಡೆತ ತಪ್ಪಿದರೂ ಗಾಲಿ ನಿಲ್ಲಲಿಲ್ಲ. ಕಾಕಾ ಒಂದು ಸಲವೂ ಚಕ್ರವನ್ನು ಜಗ್ಗಲಿಲ್ಲ. ನಾನು ಅಂದಷ್ಟು ತಿರುಗಿಸಿದರು, ಅನ್ನದಿದ್ದಾಗ ಸುಮ್ಮನೆ ಹಿಡಿದರು. ಇಂಜಿನ್ನು ನಿಂತಿದ್ದ ಜಾಗ ಹಿಂದೆ ಬಿತ್ತು. ಮೇಲೆ ಗಿರಣಿಯ ಗೋಡೆಯ ಹತ್ತಿರ ನಿಂತಿದ್ದ ಕೆಲಸಗಾರರು ನಮ್ಮನ್ನು ಕಂಡು ಮೊದಲು ಬಿದ್ದು ಬಿದ್ದು ನಕ್ಕರು. ನಾವು ಕಡೆಯ ಏರಿಗೆ ಬಂದಾಗ ಅವರ ನಗು ನಿಂತಿತು. ಬಸ್ಸು ಸಪಾಟಕ್ಕೆ ಬಂದು ನಿಂತಾಗ ಅವರೇ ಸಿಳ್ಳು ಹೊಡೆದು ಪಟಗಾ ಹಾರಿಸಿದರು.

ನನಗೆ ಪಂಕಾದ ಹಿಡಿಕೆ ಬಿಡಲು ಆಗಲಿಲ್ಲ, ಬೆರಳು ಮರಗಟ್ಟಿದ್ದವು. ಕಾಕಾ ಇಳಿದು ಬಂದು ಒಂದೊಂದೇ ಬೆರಳು ಬಿಡಿಸಿದರು. "ಹೊನ್ನುಗ್ಗಿದ್ದು ಮನಸಿನ್ಯಾಗ ಇಟಗೋಬ್ಯಾಡೋ ತಮ್ಮಾ" ಎಂದರು. "ಹೋಗ್ರಿ ಸುಮ್ನ" ಎಂದೆ. ನಗು ಬಂದುಬಿಟ್ಟಿತು.

ಅಲ್ಲಿ ಬಸ್ಸನ್ನು ಸರಿದಿಕ್ಕಿಗೆ ತಿರುಗಿಸಿಕೊಂಡು ಕೊಣ್ಣೂರ, ಧುಪದಾಳ ದಾಟಿ ಹುಕ್ಕೇರಿ ಮುಟ್ಟಿದೆವು. ಸಾಹೇಬರು ಮೊಹರು ಪರೀಕ್ಷಿಸಿದರು, ಚಹಾ ಕುಡಿದರು, ಏನೋ ಬರೆದುಕೊಂಡರು. ಪಾಸೋ ನಪಾಸೋ ಎಂದು ನಾನು ಕೇಳಿದ್ದಕ್ಕೆ, "ಕಚೇರಿಯಿಂದ ಕಾಗದಾ ಬರತೈತಿ" ಎಂದಷ್ಟೇ ಹೇಳಿ ಕೊಡೆ ಬಿಚ್ಚಿಕೊಂಡು ಹೋದರು.

ಆಮೇಲಿನ ದಿನಗಳು ನನ್ನನ್ನು ಸುಟ್ಟು ತಿಂದವು. ವಾಲ್ವು ಸರಿಮಾಡಿದೆ. ಸರಿಯಿದ್ದದ್ದನ್ನೂ ಬಿಚ್ಚಿ ಸರಿಮಾಡಿದೆ. ಟಪಾಲಿನವನು ಓಣಿಗೆ ಬಂದರೆ ನಾನೇ ಎದುರು ಹೋಗುತ್ತಿದ್ದೆ. ಆ ಕಂಪನಿಗೇ ದಾರಿ ಸಿಕ್ಕಿತಂತೆ ಎಂದು ಒಬ್ಬರು, ಸರ್ಕಾರವೇ ಎಲ್ಲ ಬಸ್ಸು ಹಿಡಿಯುತ್ತದಂತೆ ಎಂದು ಇನ್ನೊಬ್ಬರು. ಮೈದುನರ ಮನೆಯವರು ಬಸ್ಸು ಕೊಳ್ಳುವವರನ್ನು ಕರೆತಂದು ತೋರಿಸಿಯೂ ಹೋದರು. ಅಕ್ಕಾರು ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದರು. ನನಗಾದರೋ ಅವರ ಟೊಪಿಗೆ ಕಿತ್ತು ಡ್ರಮ್ಮಿಗೆ ಹಾಕಬೇಕೆನ್ನಿಸಿತ್ತು.

ಕೊನೆಗೊಂದು ದಿನ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ಕೂಡಿಸಿ ಕೂಡಿಸಿ ಓದುವಷ್ಟು ನನಗೆ ಬರುತ್ತಿತ್ತು. ಪಡಸಾಲೆಯಲ್ಲಿ ಅಕ್ಕಾರು, ಕಂಬಕ್ಕೆ ಒರಗಿ ಕಾಕಾ. ಮೊದಲ ಸಾಲು ಓದಿದಾಗಲೇ ಪರ್ಮಿಟ್ಟು ಸಿಕ್ಕಿದೆ ಎಂದು ತಿಳಿದು ಕೂಗಿಬಿಟ್ಟೆ. ಕಾಕಾ ಎರಡೂ ಕೈ ಎತ್ತಿ ಮುಗಿದರು. ಆಮೇಲೆ ಕೆಳಗಿನ ಸಾಲುಗಳಿಗೆ ಬಂದೆ. ಓದುತ್ತ ಓದುತ್ತ ನನ್ನ ದನಿ ಏರಿತು. ಈ ಬಸ್ಸು ಘಟ್ಟದ ದಾರಿಯನ್ನು, ಪರೀಕ್ಷೆಯಲ್ಲಿ ತೋರಿಸಿದಂತೆ, ಹಿಂದಿನ ಗೇರಿನಲ್ಲಿ ಮಾತ್ರ ಹತ್ತತಕ್ಕದ್ದು; ಮುಂದುಮುಖವಾಗಿ ಹತ್ತಿದರೆ ಪರ್ಮಿಟ್ಟು ರದ್ದು.

"ಏನ್ರಿ ಇದು! ವಾಲ್ವ್ ಸರಿಯಾಗೈತಿ, ಈಗ ಮುಂದಕ್ಕ ಚೊಲೋ ಹತ್ತತೈತಿ! ಯುದ್ಧ ಮುಗಿಯೂ ತನಕಾ ಬೆನ್ನ ಮುಂದ ಮಾಡಿ ಹತ್ತಬೇಕೇನ್ರಿ? ಈ ಸರಕಾರಕ್ಕ ತಲಿ ಐತೇನ್ರಿ ಅಕ್ಕಾರ? ನಾಳೀನ ಬೆಳಗಾವಿಗೆ ಹೋಗಿ ತಿದ್ದಿಸಿಕೊಂಡ ಬರತೇನಿ."

ಅಕ್ಕಾರು ಎಲೆಯಡಿಕೆಯ ತಟ್ಟೆಯನ್ನು ನನ್ನ ಕಡೆ ಸರಿಸಿದರು.

"ಅದನ್ನ ಬಿಡು ಮಿಸ್ತ್ರಿ. ಹಿಂದಾಗಿ ಹತ್ತಂದ್ರ ಹಿಂದಾಗಿ ಹತ್ತೋಣು. ಇನ್ನೊಮ್ಮೆ ಮೊದಲಿಂದ ಓದು."

"ಎಲ್ಲಿಂದ್ರಿ?"

"ಹೆಸರು ಬರದಾರಲ್ಲ, ಅಲ್ಲಿಂದ. ಯಾರ ಹೆಂಡತಿ ಅಂತ ಬರದಾರೇನು ನೋಡು."

ನೋಡಿದೆ. ಹಾಗೆ ಬರೆದಿರಲಿಲ್ಲ. ಅವರದೇ ಹೆಸರು ಅಷ್ಟೇ ಇತ್ತು. ಅದುವರೆಗೆ ನಮ್ಮಲ್ಲಿ ಯಾರೂ ಬಾಯಿಬಿಟ್ಟು ಅಂದಿರದ ಆ ಹೆಸರನ್ನು ನಾನು ನಿಂತುಕೊಂಡು ಓದಿದೆ. ಅಕ್ಕಾರು, "ಇನ್ನೊಮ್ಮೆ" ಎಂದರು.